ಮಾಜಿ ಸೈನಿಕನ ಮನೆಸಾಲ ಮತ್ತು ಸರ್ಕಾರದ ಮೇಲ್ವಿಚಾರಣೆ: ದಕ್ಷಿಣ ಬೆಂಗಳೂರಿನ ನಿದರ್ಶನ

ನಮ್ಮ ಇತಿಹಾಸ ಗ್ರಂಥಗಳಲ್ಲಿ ಯುದ್ಧಕ್ಕೆ ದೊರೆತಷ್ಟು ಸ್ಥಳ, ಯುದ್ಧದಿಂದ ಮರಳಿದವನ ವಸತಿಗೆ ದೊರೆತಿಲ್ಲ. ಸಿಪಾಯಿಯಾದವನು ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿಯೇ ನಿವೃತ್ತನಾಗುತ್ತಾನೆ. ಸೇವೆಯುದ್ದಕ್ಕೂ ಊರಿಂದೂರಿಗೆ ವರ್ಗವಾಗುತ್ತಿದ್ದವನಿಗೆ ಸ್ವಂತ ಸೂರಿರುವುದು ಅಪರೂಪ. ಮಕ್ಕಳ ವಿದ್ಯಾಭ್ಯಾಸವೂ ಮುಗಿದಿರುವುದಿಲ್ಲ. ಇಂಥವನು ಪಿಂಚಣಿಯನ್ನು ನೆಚ್ಚಿ ಸಾಲ ಮಾಡಿ ಮನೆ ಕಟ್ಟಹೊರಟಾಗ, ಆ ಸಾಲದ ಮೇಲೆಯೂ ಆ ಮನೆಯ ಮೇಲೆಯೂ ಸರ್ಕಾರದ ಮೇಲ್ವಿಚಾರಣೆ ಎಷ್ಟರಮಟ್ಟಿನದಾಗಿತ್ತು ಎಂಬುದನ್ನು ವಿವೇಚಿಸುವುದು ನಮ್ಮ ಉದ್ದೇಶ.

ಹೋಲಿಕೆಗಾಗಿ ಮೊದಲು ಅಮೆರಿಕದ ನಿದರ್ಶನವನ್ನು ನೋಡಬಹುದು. ಅಲ್ಲಿ 1944ರ ಶಾಸನದಂತೆ, ನಿವೃತ್ತ ಯೋಧನು ಪಡೆದ ಗೃಹಸಾಲದ ಅರ್ಧದಷ್ಟಕ್ಕೆ, 2,000 ಡಾಲರುಗಳ ಮಿತಿಯೊಳಗೆ, ಸರ್ಕಾರವೇ ಜಾಮೀನು ನಿಂತಿತು; ಬಡ್ಡಿಯು ಶೇಕಡ 4ನ್ನು ಮೀರಕೂಡದೆಂದು ವಿಧಿಸಿತು. ಜಾಮೀನು ಕೊಟ್ಟ ಮೇಲೆ ಮನೆಯ ಬೆಲೆಯನ್ನು ಕಟ್ಟಿಸಿ ನೋಡುವ ಹೊಣೆಯೂ ಅದಕ್ಕೇ ಬಂದಿತು. ಆದರೂ ದೂರುಗಳು ತಪ್ಪಲಿಲ್ಲ. 1950ರ ದಶಕದ ಮೊದಲಲ್ಲಿ ಈ ಸಾಲದ ವ್ಯವಸ್ಥೆಯನ್ನು ಅಲ್ಲಿನ ಪ್ರತಿನಿಧಿ ಸಭೆಯ ವಿಶೇಷ ಸಮಿತಿಯೊಂದು ವಿಚಾರಣೆಗೆ ಒಳಪಡಿಸಬೇಕಾಯಿತು.

ನಮ್ಮಲ್ಲಿ ನಡೆದ ದಾರಿ ಬೇರೆ. ಇಲ್ಲಿ ನೆರವು ಮುಖ್ಯವಾಗಿ ನಿವೇಶನದ ರೂಪದಲ್ಲಿ ಬಂದಿತು. 1945ರ ಶಾಸನದಿಂದ ಬೆಂಗಳೂರಿನಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು; 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ತರುವಾಯ ಬನಶಂಕರಿ, ಜಯಪ್ರಕಾಶ ನಗರ, ಬೈರಸಂದ್ರ-ತಾವರೆಕೆರೆ-ಮಡಿವಾಳ ಗ್ರಾಮಗಳ ಹೆಸರು ಹೊತ್ತ ಬಿ.ಟಿ.ಎಂ. ಬಡಾವಣೆಗಳು ಬೆಳೆದುವು. ಬೋರ್ಡಿನ ಸ್ಥಾನಕ್ಕೆ 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಅದರ 1984ರ ನಿವೇಶನ ಹಂಚಿಕೆಯ ನಿಯಮಗಳು ಮಾಜಿ ಸೈನಿಕರಿಗೂ ಮೃತ ಸೈನಿಕರ ಕುಟುಂಬದವರಿಗೂ ಒಂದು ಪಾಲನ್ನು ಮೀಸಲಿಟ್ಟುವು. ಹಂಚಿಕೆಯಾದೊಡನೆ ಪೂರ್ಣ ಒಡೆತನ ಬರುತ್ತಿರಲಿಲ್ಲ. ಹತ್ತು ವರ್ಷಗಳ ಗುತ್ತಿಗೆ ಮತ್ತು ಮಾರಾಟದ ಕರಾರು, ಗೊತ್ತಾದ ಅವಧಿಯೊಳಗೆ ಮನೆ ಕಟ್ಟಬೇಕೆಂಬ ಷರತ್ತು ಇದ್ದುವು. ಹೀಗೆ ನಿವೇಶನವು ದಲ್ಲಾಳಿಯ ಕೈಗೆ ಹೋಗದಂತೆ ಕಾವಲಿತ್ತು. ಆದರೆ ಕಟ್ಟಲು ಬೇಕಾದ ಹಣ ಎಲ್ಲಿಂದ ಬರಬೇಕೆಂಬುದು ಆ ನಿಯಮಗಳ ವ್ಯಾಪ್ತಿಗೆ ಹೊರಗಿನ ಮಾತಾಗಿತ್ತು.

ಸಾಲದ ಮೇಲ್ವಿಚಾರಣೆಯ ಮಾದರಿ ನಮ್ಮಲ್ಲಿ ಇರಲೇ ಇಲ್ಲವೆನ್ನುವಂತಿಲ್ಲ. ಕೇಂದ್ರ ಸರ್ಕಾರದ ನೌಕರರಿಗಾಗಿ 1956ರಲ್ಲಿ ಆರಂಭವಾದ ಗೃಹನಿರ್ಮಾಣ ಮುಂಗಡದಲ್ಲಿ ಮನೆಯನ್ನು ರಾಷ್ಟ್ರಪತಿಗಳ ಹೆಸರಿಗೆ ಆಧಾರ ಮಾಡಬೇಕು. ಹಣ ಕಂತುಗಳಲ್ಲಿ ಬರುತ್ತದೆ. ಬೆಂಕಿ, ಪ್ರವಾಹ, ಸಿಡಿಲುಗಳಿಗೆ ವಿಮೆ ಮಾಡಿಸಬೇಕು. ಆದರೆ ಇದು ಸೇವೆಯಲ್ಲಿರುವವನಿಗೆ ಒದಗುವ ಸೌಲಭ್ಯ; ಸಮವಸ್ತ್ರ ಕಳಚಿ ಬಂದವನಿಗಲ್ಲ. ಕೇಂದ್ರೀಯ ಸೈನಿಕ ಮಂಡಳಿಯ ನೆರವಿನ ನಿಯಮದಲ್ಲಿ 1 ಲಕ್ಷ ರೂಪಾಯಿಗಳವರೆಗಿನ ಗೃಹಸಾಲದ ಬಡ್ಡಿಯಲ್ಲಿ ಅರ್ಧವನ್ನು ತುಂಬಿಕೊಡುವ ಏರ್ಪಾಡಿತ್ತು. ಅದೂ ಯುದ್ಧದಲ್ಲಿ ಮಡಿದವರ ಕುಟುಂಬ, ಅಂಗವಿಕಲರಾದ ಯೋಧರು ಮೊದಲಾದವರಿಗೆ ಮಾತ್ರ.

ಉಳಿದ ನಿವೃತ್ತರಿಗೆ ಇತರ ನಾಗರಿಕರಂತೆಯೇ ಬ್ಯಾಂಕು ಅಥವಾ ಗೃಹನಿರ್ಮಾಣ ಸಹಕಾರ ಸಂಘವೇ ಗತಿ. ಸಂಘಗಳ ಮೇಲಣ ಹತೋಟಿ ಹೇಗಿತ್ತೆಂಬುದಕ್ಕೆ ಎಚ್.ಎಂ.ಟಿ. ನೌಕರರ ಗೃಹನಿರ್ಮಾಣ ಸಂಘದ ಮೊಕದ್ದಮೆಯೇ ಸಾಕ್ಷಿ. ಸರ್ಕಾರದ ಪೂರ್ವಾನುಮತಿ ಪಡೆದ ವಸತಿ ಯೋಜನೆಯಿಲ್ಲದೆ, ಮಧ್ಯವರ್ತಿಗಳ ಮೂಲಕ ಸಂಘಕ್ಕಾಗಿ ನಡೆದ ಭೂಸ್ವಾಧೀನವನ್ನು ಉಚ್ಚ ನ್ಯಾಯಾಲಯವು ರದ್ದುಪಡಿಸಿತು. 1995ರ ಕಾನೂನು ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆ ಮೊಕದ್ದಮೆ ಸೈನಿಕರದಲ್ಲ, ನಿಜ. ಆದರೆ ಇಂಥ ಸಂಘದಲ್ಲಿ ಉಳಿತಾಯವನ್ನೆಲ್ಲ ತೊಡಗಿಸಿದ ಪಿಂಚಣಿದಾರನು, ಸದಸ್ಯತ್ವದ ರಸೀತಿಯ ಹೊರತು ಬೇರೆ ಯಾವ ರಕ್ಷೆಯನ್ನು ಹೊಂದಿದ್ದನೆಂದು ನಾವು ಕೇಳಲೇಬೇಕಾಗುತ್ತದೆ.

ಒಟ್ಟಿನಲ್ಲಿ ನಮಗೆ ತೋರುವುದಿಷ್ಟು: ಸರ್ಕಾರವು ಅರ್ಜಿದಾರನು ನಿಜವಾಗಿ ಸೈನಿಕನಾಗಿದ್ದನೆ, ನಿವೇಶನವನ್ನು ಮಾರಿಕೊಂಡನೆ ಎಂಬುದನ್ನು ಎಚ್ಚರದಿಂದ ಪರೀಕ್ಷಿಸಿತು. ಅವನ ಸಾಲ ನ್ಯಾಯವಾದುದೆ, ಮನೆ ಆ ಬೆಲೆಗೆ ತಕ್ಕುದೆ ಎಂಬುದನ್ನು ಅವನ ಪರವಾಗಿ ಪರೀಕ್ಷಿಸುವ ಹೊಣೆಯನ್ನು ಯಾರಿಗೂ ವಹಿಸಲಿಲ್ಲ. ಅಮೆರಿಕದಲ್ಲಿ ಮೇಲ್ವಿಚಾರಣೆ ಸೋತಾಗ ಕೇಳುವುದಕ್ಕೆ ಹೊಣೆಗಾರರಿದ್ದರು. ಇಲ್ಲಿ ಹೊಣೆಯೇ ಹಲವು ಕಚೇರಿಗಳಲ್ಲಿ ಹಂಚಿಹೋಗಿತ್ತು. ಸೈನಿಕನ ಅರ್ಹತೆಯನ್ನು ಕಾದಷ್ಟು ಎಚ್ಚರದಿಂದ ಅವನ ಹಿತವನ್ನು ಕಾಯಲಿಲ್ಲವೆಂಬುದೇ ಈ ಇತಿಹಾಸದ ಸಾರವೆಂದು ನಮ್ಮ ಅಭಿಪ್ರಾಯ.