ೞ: ಕಳೆದುಹೋದ ಒಂದು ಅಕ್ಷರ

ಸಾಂಗ್ಲಿ ಸೀಮೆಯ ಮಿರಜದಲ್ಲಿ ಶಿಲಾಹಾರ ಅರಸ ವಿಜಯಾದಿತ್ಯನ ಕಾಲದ, ಶಕ 1066ರ (ಕ್ರಿ.ಶ. 1144) ಕನ್ನಡ ಶಾಸನವೊಂದು ದೊರೆತಿದೆ. ಆ ಸೀಮೆಯ ಅರಸರೂ ವರ್ತಕರೂ ದಾನದತ್ತಿಗಳನ್ನು ಕನ್ನಡದಲ್ಲಿ ಕೊರೆಸುತ್ತಿದ್ದ ಆ ಕಾಲಕ್ಕೆ ಕನ್ನಡದ ಒಂದು ಅಕ್ಷರ ಮರೆಯಾಗತೊಡಗಿತ್ತು.

ಅದು ‘ೞ’. ವ್ಯಾಕರಣದಲ್ಲಿ ಇದರ ಹೆಸರು ರಳ. ನಾಲಗೆಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸದೆ ಉಲಿಯಬೇಕು. ತಮಿಳರೂ ಮಲಯಾಳಿಗಳೂ ಇಂದಿಗೂ ಉಲಿಯುತ್ತಾರೆ. ‘ತಮಿಳು’ ಎಂಬ ಹೆಸರಿನ ಕೊನೆಯಲ್ಲಿರುವುದು ಇದೇ ದನಿ.

ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ರಳವಿದೆ. ಮುಂದೆ ಅದು ಎರಡು ದಾರಿ ಹಿಡಿಯಿತು. ಸ್ವರದ ಮುಂದೆ ‘ಳ’ ಆಯಿತು: ಏೞು ಏಳಾಯಿತು, ಬಾೞೆ ಬಾಳೆಯಾಯಿತು, ಕೋೞಿ ಕೋಳಿಯಾಯಿತು. ವ್ಯಂಜನದ ಮುಂದೆ ‘ರ’ ಆಗಿ, ಆಮೇಲೆ ಅದೂ ಕರಗಿತು: ಗೞ್ದೆ, ಗರ್ದೆ, ಗದ್ದೆ. ಏಳಕ್ಕೂ ಎಪ್ಪತ್ತಕ್ಕೂ ನಂಟೇ ಇಲ್ಲವೆನ್ನಿಸುವುದು ಇದರಿಂದಲೇ. ಎಪ್ಪತ್ತು ಮೊದಲು ‘ಎೞ್ಪತ್ತು’ ಆಗಿತ್ತು.

13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಈ ಅಕ್ಷರವಿರುವ ಪದಗಳನ್ನು ಪಟ್ಟಿ ಮಾಡಿದ. ಆಡುಮಾತಿನಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಪಟ್ಟಿಯೇಕೆ ಬೇಕಿತ್ತು?

ಗಣಕಕ್ಕೆ ಸೇರಿದ ಕೆಲವು ಅಕ್ಷರಗಳ ಪಾಡು ವಿಚಿತ್ರ. ಜಪಾನಿನ 1978ರ ಗಣಕ ಅಕ್ಷರಪಟ್ಟಿಯಲ್ಲಿ ಅರ್ಥವೂ ಮೂಲವೂ ಇಲ್ಲದ ಕೆಲವು ಚೀನೀ ಲಿಪಿಚಿಹ್ನೆಗಳು ನುಸುಳಿ, ‘ಭೂತಾಕ್ಷರ’ ಎನಿಸಿಕೊಂಡವು. ನಮ್ಮ ರಳಕ್ಕೆ ಮೂಲವಿದೆ, ಹೆಸರೇ ತಪ್ಪು: ಗಣಕಗಳ ಅಕ್ಷರಪಟ್ಟಿಯಾದ ಯೂನಿಕೋಡ್ ಅದನ್ನು ‘ಫ’ ಎಂದು ದಾಖಲಿಸಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಲಾಗಿದೆ.