ಟೆಫಿಗ್ರಾಂ: ಗುಡುಗು ಮಳೆಯ ಮುನ್ನೆಚ್ಚರಿಕೆಗೆ ಆಧಾರವಾಗುವ ನಕ್ಷೆ

ಬಾದಾಮಿ ತಾಲ್ಲೂಕಿನ ಮಲಪ್ರಭಾ ನದಿ ದಂಡೆಯ ಶಿವಯೋಗ ಮಂದಿರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಅಶ್ವಿನಿ, ಭರಣಿ ಮಳೆಗಳ ಅವಧಿಯಲ್ಲಿ ಮಧ್ಯಾಹ್ನದ ನಂತರ ಗುಡುಗು, ಸಿಡಿಲು, ಬಿರುಗಾಳಿ ಮತ್ತು ಕೆಲವೊಮ್ಮೆ ಆಲಿಕಲ್ಲು ಸಹಿತ ಮಳೆಯಾಗುವುದುಂಟು. ಇಂತಹ ಮಳೆಯ ಮುನ್ನೆಚ್ಚರಿಕೆ ನೀಡುವಾಗ ಭಾರತ ಹವಾಮಾನ ಇಲಾಖೆಯು ಪರಿಶೀಲಿಸುವ ಆಧಾರಗಳಲ್ಲಿ ಟೆಫಿಗ್ರಾಂ ಎಂಬ ನಕ್ಷೆಯೂ ಒಂದು. ಬ್ರಿಟನ್ನಿನ ಹವಾಮಾನ ವಿಜ್ಞಾನಿ ನೇಪಿಯರ್ ಶಾ ಇದನ್ನು 1915ರ ಸುಮಾರಿಗೆ ರೂಪಿಸಿದರು.

ನಕ್ಷೆಗೆ ಬೇಕಾದ ಮಾಹಿತಿಯನ್ನು ಬಲೂನಿಗೆ ಕಟ್ಟಿದ ರೇಡಿಯೋಸಾಂಡ್ ಉಪಕರಣವು ಮೇಲೇರುತ್ತಾ ಕಳುಹಿಸುತ್ತದೆ. ವೀಕ್ಷಣೆಯ ನಿಗದಿತ ವೇಳೆ ಬೆಳಿಗ್ಗೆ 5.30 ಮತ್ತು ಸಂಜೆ 5.30.

ನಕ್ಷೆಯಲ್ಲಿ ಎರಡು ಮುಖ್ಯ ಗೆರೆಗಳಿರುತ್ತವೆ. ಬಲಗಡೆಯದು ಉಷ್ಣಾಂಶ, ಎಡಗಡೆಯದು ಇಬ್ಬನಿ ಬಿಂದು. ಇವು ಹತ್ತಿರವಿದ್ದಲ್ಲಿ ಆ ಎತ್ತರದ ಗಾಳಿ ತೇವವಾಗಿದೆ, ದೂರವಿದ್ದಲ್ಲಿ ಒಣಗಿದೆ ಎಂದರ್ಥ. ನೆಲದಿಂದ ಮೇಲೇರುವ ಗಾಳಿಯು ಪ್ರತಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿಯಂತೆ ತಣಿಯುತ್ತದೆ. ಉದಾಹರಣೆಗೆ, ನೆಲಮಟ್ಟದಲ್ಲಿ ಉಷ್ಣಾಂಶ 38 ಡಿಗ್ರಿ, ಇಬ್ಬನಿ ಬಿಂದು 18 ಡಿಗ್ರಿ ಇದ್ದರೆ, ಸುಮಾರು 2,500 ಮೀಟರ್ ಮೇಲೆ ಮೋಡದ ತಳ ಮೂಡುತ್ತದೆ. ಅಲ್ಲಿಂದ ಮುಂದೆ ಆವಿ ನೀರಾಗುವಾಗ ಬಿಡುಗಡೆಯಾಗುವ ಶಾಖದಿಂದಾಗಿ ತಣಿಯುವಿಕೆ ನಿಧಾನವಾಗುತ್ತದೆ. ಏರುವ ಗಾಳಿ ಸುತ್ತಲಿನ ಗಾಳಿಗಿಂತ ಬೆಚ್ಚಗಿದ್ದರೆ ತಾನಾಗಿಯೇ ಮೇಲೇರುತ್ತದೆ. ಇವೆರಡರ ನಡುವೆ ನಕ್ಷೆಯಲ್ಲಿ ಉಳಿಯುವ ಜಾಗ ವಿಶಾಲವಾದಷ್ಟೂ ಮೋಡಕ್ಕೆ ದೊರೆಯಬಹುದಾದ ಶಕ್ತಿ ಅಧಿಕ. ಆದರೆ ಮಧ್ಯದಲ್ಲಿ ಬೆಚ್ಚಗಿನ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿದ್ದರೆ, ಎಷ್ಟೇ ಸೆಕೆಯಿದ್ದರೂ ಮಳೆಯಾಗದೆ ದಿನ ಕಳೆಯಬಹುದು.

ಬಾಗಲಕೋಟೆ ಜಿಲ್ಲೆಯಲ್ಲಿ ರೇಡಿಯೋಸಾಂಡ್ ಕೇಂದ್ರವಿಲ್ಲ. ಬೆಂಗಳೂರು ಮತ್ತು ಮಂಗಳೂರು ಕೇಂದ್ರಗಳು ದೂರದವು. ಪಣಜಿ ಕೇಂದ್ರವು ಬಾದಾಮಿಯಿಂದ ನೇರ ಅಳತೆಯಲ್ಲಿ ಸುಮಾರು 200 ಕಿ.ಮೀ. ಅಂತರದಲ್ಲಿದ್ದರೂ, ಅಲ್ಲಿನ ಬಲೂನು ಮೊದಲು ಹಾದುಹೋಗುವುದು ಕಡಲ ತೇವದ ಗಾಳಿಯನ್ನು. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಮಲಪ್ರಭಾ ಬಯಲಿನ ಕೆಳಮಟ್ಟದ ಗಾಳಿ ಬೇರೆಯೇ. ಆದುದರಿಂದ ಸ್ಥಳೀಯ ಉಷ್ಣಾಂಶ, ಉಪಗ್ರಹ ಚಿತ್ರ ಮತ್ತು ರಾಡಾರ್ ಮಾಹಿತಿಯೊಡನೆ ಹೋಲಿಸದೆ ಕೇವಲ ಈ ನಕ್ಷೆಯಿಂದ ನಿರ್ಧಾರಕ್ಕೆ ಬರುವುದು ಸೂಕ್ತವಲ್ಲ. ಶಿವಯೋಗ ಮಂದಿರದಲ್ಲಿ ಸಿಡಿಲು ಬೀಳುವುದೋ, ಮಹಾಕೂಟದಲ್ಲೋ ಎಂಬುದನ್ನು ಟೆಫಿಗ್ರಾಂ ತಿಳಿಸಲಾರದು. ಜಿಲ್ಲೆಗೆ ಎಚ್ಚರಿಕೆ ಇದ್ದು ತಮ್ಮ ಊರಿನ ಆಕಾಶ ಶುಭ್ರವಾಗಿದ್ದರೂ ಹೊಲದಲ್ಲಿರುವವರು, ಕುರಿಗಾಹಿಗಳು ಅದನ್ನು ಅಲಕ್ಷಿಸಬಾರದು. ಗುಡುಗು ಕೇಳಿದೊಡನೆ ಮರದಡಿಯನ್ನು ಬಿಟ್ಟು ಪಕ್ಕಾ ಕಟ್ಟಡದೊಳಗೆ ಹೋಗತಕ್ಕದ್ದು.

ಬೆಳೆ ಹಾನಿಯ ಅರ್ಜಿಯೊಂದಿಗೆ ಮುನ್ಸೂಚನೆಯ ಪ್ರತಿ ಅಥವಾ ನಕ್ಷೆಯನ್ನು ಲಗತ್ತಿಸುವುದರಿಂದ ಹಾನಿ ಸಾಬೀತಾಗುವುದಿಲ್ಲ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದ ಬೆಳೆ ಆಲಿಕಲ್ಲಿನಿಂದ ಹಾನಿಗೊಂಡಲ್ಲಿ, 72 ಗಂಟೆಗಳೊಳಗಾಗಿ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸತಕ್ಕದ್ದು. ಹಾನಿಯ ಪ್ರಮಾಣವನ್ನು ಹೊಲದಲ್ಲಿಯೇ ಪರಿಶೀಲಿಸಿ ನಿರ್ಧರಿಸಲಾಗುತ್ತದೆ.