ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಬೀಗ ಬಿದ್ದ ಪಾಠಶಾಲೆಗಳು

ಒಂದು ಸೀಮೆಯ ಪಾಠಶಾಲೆಗಳ ಯೋಗ್ಯತೆಯನ್ನು ತಿಳಿಯಬಯಸುವವರು ಸಾಮಾನ್ಯವಾಗಿ ಎರಡು ಲೆಕ್ಕಗಳನ್ನು ಕೇಳುವರು. ಹಾಜರಿಪಟ್ಟಿಯಲ್ಲಿ ಯಾವ ಜನಾಂಗದ ಮಕ್ಕಳು ಎಷ್ಟು ಮಂದಿ ಎಂಬುದು ಒಂದು. ಪರೀಕ್ಷೆಗಳಲ್ಲಿ ಅವರು ಪಡೆದ ಅಂಕಗಳೆಷ್ಟೆಂಬುದು ಇನ್ನೊಂದು. ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಬಗೆಯುವವರೂ ಉಂಟು. ಆ ಮಕ್ಕಳಿಗೆ ಒದಗಿದ ಶಾಲೆ ಎಂಥದು, ಒದಗಿತೋ ಇಲ್ಲವೋ ಎಂಬ ಮೂರನೆಯ ಲೆಕ್ಕವು ಈ ಎರಡರ ನಡುವೆ ಅಡಗಿರುವುದು. ಅದನ್ನು ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದು ಚಿಕ್ಕ ಕೌಂಟಿಯ ಚರಿತ್ರೆಯು ನಿಚ್ಚಳವಾಗಿ ತೋರಿಸಿಕೊಟ್ಟಿದೆ.

ವರ್ಜೀನಿಯಾ ರಾಜ್ಯದ ದಕ್ಷಿಣ ಭಾಗದಲ್ಲಿರುವ ಪ್ರಿನ್ಸ್ ಎಡ್ವರ್ಡ್ ಕೌಂಟಿಯು ಹೊಗೆಸೊಪ್ಪಿನ ಬೇಸಾಯದ ನಾಡು. ಅದರ ಮುಖ್ಯ ಪಟ್ಟಣ ಫಾರ್ಮ್‌ವಿಲ್. 1960ನೆಯ ಇಸವಿಯಲ್ಲಿ ಅಲ್ಲಿಯ ಜನಸಂಖ್ಯೆ ಸುಮಾರು 14,000. ಅಂದಿನ ದಿನಗಳಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳಲ್ಲಿ ಕರಿಯರು ಸುಮಾರು 1,700 ಮಂದಿ, ಬಿಳಿಯರು ಸುಮಾರು 1,500 ಮಂದಿ. ಇವರಿಗೆ ಬೇರೆ ಬೇರೆ ಶಾಲೆಗಳಿರಬೇಕೆಂಬುದು ರಾಜ್ಯದ ಕಟ್ಟಳೆಯಾಗಿತ್ತು. ಶಾಲೆಗಳ ವೆಚ್ಚದ ದೊಡ್ಡ ಪಾಲು ಸ್ಥಳೀಯ ತೆರಿಗೆಯಿಂದ ಬರುತ್ತಿದ್ದುದರಿಂದ, ಕೌಂಟಿಯ ಮೇಲ್ವಿಚಾರಕ ಮಂಡಲಿಯವರ ಕೈಯಲ್ಲಿ ವಿದ್ಯೆಯ ಬೀಗದಕೈಯೇ ಇದ್ದಂತಾಯಿತು.

ಕರಿಯ ಮಕ್ಕಳ ಮೋಟನ್ ಪ್ರೌಢಶಾಲೆಯು 1939ರಲ್ಲಿ ಕಟ್ಟಲ್ಪಟ್ಟಿತು. ಆ ಸೀಮೆಯಲ್ಲಿಯೇ ಬೆಳೆದು ಟಸ್ಕೀಗೀ ವಿದ್ಯಾಲಯದ ಅಧ್ಯಕ್ಷರಾದ ರಾಬರ್ಟ್ ರಸ್ಸಾ ಮೋಟನ್ನರ ಹೆಸರು ಅದಕ್ಕೆ. 180 ಮಕ್ಕಳಿಗೆಂದು ಕಟ್ಟಿದ ಆ ಶಾಲೆಯಲ್ಲಿ ಹತ್ತು ಹನ್ನೆರಡು ವರ್ಷಗಳೊಳಗೆ 450ಕ್ಕೂ ಹೆಚ್ಚು ಮಂದಿ ತುಂಬಿಕೊಂಡರು. ವ್ಯಾಯಾಮಶಾಲೆಯಿಲ್ಲ, ಭೋಜನಶಾಲೆಯಿಲ್ಲ. ಹೊಸ ಕಟ್ಟಡವನ್ನು ಬೇಡಿದಾಗ ದೊರೆತುದು ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊದಿಸಿದ ಕೊಟ್ಟಿಗೆಗಳು. ಇಂಥ ಕಡೆ ಓದಿದವರ ಅಂಕಗಳನ್ನು ಇಟ್ಟಿಗೆಯ ಕಟ್ಟಡದಲ್ಲಿ ಬೆಚ್ಚಗೆ ಕುಳಿತು ಓದಿದವರ ಅಂಕಗಳೊಡನೆ ತೂಗುವುದು ಎಂಥ ನ್ಯಾಯವೋ ವಾಚಕರೇ ಊಹಿಸಬಹುದು.

1951ನೆಯ ಇಸವಿ ಏಪ್ರಿಲ್ 23ರಂದು, ಮುಖ್ಯೋಪಾಧ್ಯಾಯರನ್ನು ಹುಸಿ ಟೆಲಿಫೋನ್ ಕರೆಯೊಂದರಿಂದ ಹೊರಗೆ ಕಳುಹಿಸಿ, 16 ವರ್ಷದ ಬಾರ್ಬರಾ ಜಾನ್ಸ್ ಎಂಬ ವಿದ್ಯಾರ್ಥಿನಿಯು ಸಭೆ ಸೇರಿಸಿ, ಶಾಲೆಯ ಮಕ್ಕಳನ್ನೆಲ್ಲ ಮುಷ್ಕರಕ್ಕೆ ಹೊರಡಿಸಿದಳು. ಉಪಾಯ ಹುಡುಗಾಟಿಕೆಯದು, ಫಲ ಹಾಗಿರಲಿಲ್ಲ. ಮಕ್ಕಳು ಬೇಡಿದ್ದು ಒಳ್ಳೆಯ ಕಟ್ಟಡವನ್ನು ಮಾತ್ರ. ಅವರ ನೆರವಿಗೆ ಬಂದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್‌ಸನ್ ಎಂಬ ವಕೀಲರು, ಪ್ರತ್ಯೇಕ ಶಾಲೆಗಳ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ವ್ಯಾಜ್ಯ ಹೂಡುವೆವೆಂದರು. ಮರುತಿಂಗಳೇ 117 ವಿದ್ಯಾರ್ಥಿಗಳ ಹೆಸರಿನಲ್ಲಿ ದಾವೆ ದಾಖಲಾಯಿತು. ಬ್ರೌನ್ ಮೊಕದ್ದಮೆಯೆಂದು ಪ್ರಸಿದ್ಧವಾದುದರಲ್ಲಿ ಅಡಕವಾಗಿದ್ದ ಐದು ದಾವೆಗಳಲ್ಲಿ ಇದೂ ಒಂದು. 1954ರ ಮೇ 17ರಂದು ಉಚ್ಚತಮ ನ್ಯಾಯಸ್ಥಾನವು ಜನಾಂಗಭೇದದ ಶಾಲೆಗಳು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪಿತ್ತಿತು.

ತೀರ್ಪು ಬಂದರೂ ಶಾಲೆಯ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. 1959ರ ಸೆಪ್ಟೆಂಬರಿನೊಳಗೆ ಕರಿಯ ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಿಕೊಳ್ಳಬೇಕೆಂದು ನ್ಯಾಯಸ್ಥಾನವು ಆಜ್ಞಾಪಿಸಿದೊಡನೆ, ಮೇಲ್ವಿಚಾರಕ ಮಂಡಲಿಯವರು ಆ ವರ್ಷ ಶಾಲೆಯ ತೆರಿಗೆಯನ್ನೇ ವಿಧಿಸದೆ ಬಿಟ್ಟರು. ಹಣವಿಲ್ಲದ ಮೇಲೆ ಶಾಲೆಯೆಲ್ಲಿಯದು? ಕೌಂಟಿಯ ಸಾರ್ವಜನಿಕ ಶಾಲೆಗಳೆಲ್ಲವೂ ಮುಚ್ಚಿದುವು. ಬಿಳಿಯ ಮಕ್ಕಳಿಗಾಗಿ ಖಾಸಗಿ ಶಾಲೆಗಳು ಚರ್ಚುಗಳಲ್ಲಿಯೂ ಸಭಾಮಂದಿರಗಳಲ್ಲಿಯೂ ಕೂಡಲೇ ಏರ್ಪಟ್ಟುವು. ತರುವಾಯ ಶುಲ್ಕಕ್ಕೆ ಸರ್ಕಾರದ ಸಹಾಯಧನವೂ ಒದಗಿತು. ಶುಲ್ಕ ತೆರಲಾರದ ಬಡ ಬಿಳಿಯರ ಮಕ್ಕಳೂ ಕೆಲವರು ಹೊರಗುಳಿದರೆಂಬುದನ್ನು ಮರೆಯುವಂತಿಲ್ಲ.

ಕರಿಯರಿಗೂ ಖಾಸಗಿ ಶಾಲೆಯೊಂದನ್ನು ತೆರೆಯುವೆವೆಂದು ಕೆಲವು ಬಿಳಿಯರು ಮುಂದೆ ಬಂದರು. ಅದನ್ನು ಒಪ್ಪಿದರೆ ಪ್ರತ್ಯೇಕತೆಯನ್ನೇ ಒಪ್ಪಿದಂತಾಗುವುದೆಂದು ತಾಯಿತಂದೆಗಳು ಅತ್ತ ಸುಳಿಯಲಿಲ್ಲ. ಮಕ್ಕಳ ಓದನ್ನು ಪಣವಾಗಿಟ್ಟ ಈ ನಿರ್ಧಾರವನ್ನು ದುಡುಕೆಂದು ಹೇಳುವುದು ಸುಲಭ. ಆದರೆ ಇದು ಐದು ವರ್ಷ ಎಳೆಯುವುದೆಂದು ಆಗ ಎಣಿಸಿದವರು ವಿರಳ. ಕೆಲವು ಮಕ್ಕಳು ಬೇರೆ ಕೌಂಟಿಗಳ ನೆಂಟರ ಮನೆ ಸೇರಿದರು. ಪ್ರೌಢಶಾಲೆಯ ಕೆಲವರಿಗೆ ಉತ್ತರ ಕೆರೊಲಿನಾದ ಕಿಟ್ರೆಲ್ ಕಾಲೇಜು ಸ್ಥಳ ಕೊಟ್ಟಿತು. ಕ್ವೇಕರರ ಸೇವಾಸಂಘವು ಮತ್ತೆ ಕೆಲವರನ್ನು ದೂರದ ರಾಜ್ಯಗಳ ಮನೆಗಳಲ್ಲಿರಿಸಿ ಓದಿಸಿತು. ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ನರೂ ಅವರ ಜೊತೆಗಾರರೂ ಚರ್ಚುಗಳ ನೆಲಮಾಳಿಗೆಗಳಲ್ಲಿ ತರಬೇತಿಯ ಕೂಟಗಳನ್ನು ನಡೆಸಿದರು. ಉಳಿದ ಬಹುಮಂದಿ ಹೊಲಗಳಲ್ಲಿ ದುಡಿಯುತ್ತ ಬೆಳೆದರು.

ಮಿಚಿಗನ್ ರಾಜ್ಯ ವಿಶ್ವವಿದ್ಯಾಲಯದ ರಾಬರ್ಟ್ ಗ್ರೀನ್ ಮತ್ತು ಅವರ ಸಹೋದ್ಯೋಗಿಗಳು ಈ ಮಕ್ಕಳನ್ನು ಪರೀಕ್ಷಿಸಿ 1964ರಲ್ಲಿ ವರದಿಯನ್ನೊಪ್ಪಿಸಿದರು. ಒಂದೇ ಊರಿನ, ಒಂದೇ ಜನಾಂಗದ ಮಕ್ಕಳಲ್ಲಿ, ಹೇಗೋ ಸ್ವಲ್ಪವಾದರೂ ಓದಿದವರಿಗಿಂತ ಏನೂ ಓದದೆ ಉಳಿದವರು ವಾಚನದಲ್ಲಿಯೂ ಗಣಿತದಲ್ಲಿಯೂ ಬಹಳ ಹಿಂದೆ ಬಿದ್ದಿದ್ದರು. ಹುಟ್ಟಿನಿಂದ ಬಂದ ಶಕ್ತಿಯನ್ನು ಅಳೆಯುವುದೆಂದು ಹಲವರು ನಂಬಿದ್ದ ಬುದ್ಧಿಪರೀಕ್ಷೆಯಲ್ಲಿಯೂ ಅವರ ಅಂಕ ಇಳಿದಿತ್ತು! ಜನಾಂಗವನ್ನು ದೂರುವ ಲೆಕ್ಕಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

1963ರ ಸೆಪ್ಟೆಂಬರಿನಲ್ಲಿ ಕೆನೆಡಿಯವರ ಸರ್ಕಾರದ ಪ್ರೋತ್ಸಾಹದಿಂದ, ದಾನದ ಹಣದ ಮೇಲೆ, ಒಂದು ವರ್ಷದ ಮಟ್ಟಿಗೆ ಉಚಿತ ಶಾಲೆಗಳು ತೆರೆದುವು. 1,500ಕ್ಕೂ ಹೆಚ್ಚು ಮಕ್ಕಳು ಬಂದರು, ಬಿಳಿಯರು ಬೆರಳೆಣಿಕೆಯಷ್ಟು. ವಯಸ್ಸಿಗೂ ಓದಿಗೂ ಹೊಂದಿಕೆ ತಪ್ಪಿಹೋಗಿದ್ದುದರಿಂದ ಮುಖ್ಯಾಧಿಕಾರಿ ನೀಲ್ ಸಲಿವನ್ನರು ತರಗತಿಗಳನ್ನೇ ಕೈಬಿಟ್ಟು, ತಿಳಿವಳಿಕೆಗೆ ತಕ್ಕಂತೆ ಗುಂಪುಗಳನ್ನು ಮಾಡಿದರು. 1964ರ ಮೇ 25ರಂದು ಉಚ್ಚತಮ ನ್ಯಾಯಸ್ಥಾನವು, ತೆರಿಗೆ ವಿಧಿಸಿ ಶಾಲೆ ತೆರೆಯುವಂತೆ ಮಂಡಲಿಯನ್ನು ಬಲಾತ್ಕರಿಸಲು ಕೆಳಗಿನ ನ್ಯಾಯಸ್ಥಾನಕ್ಕೆ ಅಧಿಕಾರವುಂಟೆಂದು ಗ್ರಿಫಿನ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಆ ಶರತ್ಕಾಲದಲ್ಲಿ ಶಾಲೆಗಳು ತೆರೆದಾಗ ಹಾಜರಿಪಟ್ಟಿಯಲ್ಲಿದ್ದವರು ಬಹುತೇಕ ಎಲ್ಲರೂ ಕರಿಯರೇ. ಬಿಳಿಯರು ಖಾಸಗಿ ಶಾಲೆಯಲ್ಲಿಯೇ ಉಳಿದರು. ನಿಧಾನವಾಗಿ, ವರ್ಷಗಳ ಮೇಲೆ, ಅವರಲ್ಲಿ ಹಲವರು ಹಿಂದಿರುಗಿದರು.

ಮೋಟನ್ ಶಾಲೆಯ ಹಳೆಯ ಕಟ್ಟಡವು 2001ರಲ್ಲಿ ವಸ್ತುಸಂಗ್ರಹಾಲಯವಾಯಿತು. 2003ರಲ್ಲಿ ವರ್ಜೀನಿಯಾದ ಶಾಸನಸಭೆಯು ಶಾಲೆ ಮುಚ್ಚಿದುದಕ್ಕಾಗಿ ವಿಷಾದವನ್ನು ಸೂಚಿಸಿತು. ಆ ವರ್ಷವೇ, ಓದು ನಿಂತುಹೋದವರಿಗೆ ಗೌರವಪೂರ್ವಕವಾಗಿ ಪ್ರೌಢಶಾಲೆಯ ಯೋಗ್ಯತಾಪತ್ರಗಳನ್ನು ಕೊಡಲಾಯಿತು. 2004ರಲ್ಲಿ ರಾಜ್ಯವು ಇಂಥವರಿಗೆಂದೇ 20 ಲಕ್ಷ ಡಾಲರುಗಳ ವಿದ್ಯಾರ್ಥಿವೇತನದ ನಿಧಿಯನ್ನು ಸ್ಥಾಪಿಸಿತು. ಅದರ ಅರ್ಧ ಜಾನ್ ಕ್ಲೂಗೆ ಎಂಬ ಧನಿಕರ ಕೊಡುಗೆ. ಮುಚ್ಚಿದ ವರ್ಷ ಮೊದಲನೆಯ ತರಗತಿಗೆ ಸೇರಬೇಕಾಗಿದ್ದ ಮಕ್ಕಳು ಆ ವೇಳೆಗೆ ಐವತ್ತು ದಾಟಿದ್ದರು.